ಶೇ 66ರ ಸೌರಫಲಕ: ಲೇಸರ್ ಲೆಕ್ಕ ಬಿಸಿಲಿಗೆ ಸಲ್ಲದು

ಮಾನ್ಯರೇ,

ಬಿಸಿ ಎಲೆಕ್ಟ್ರಾನ್‌ಗಳನ್ನು ತಣಿಯುವ ಮೊದಲೇ ಬಳಸಿಕೊಳ್ಳುವ ‘ಹಾಟ್ ಕ್ಯಾರಿಯರ್’ ತಂತ್ರದಿಂದ ಸೌರಫಲಕಗಳ ದಕ್ಷತೆ ಶೇ 66ಕ್ಕೆ ಏರಲಿದೆ ಎಂಬ ಸುದ್ದಿ ಆಗಾಗ ಬರುತ್ತದೆ. ಅದನ್ನು ನಂಬಿ ತೋಟದ ಸ್ಪ್ರಿಂಕ್ಲರ್ ಪಂಪಿಗೋ ಆನೆ ತಡೆಯುವ ಬೇಲಿಗೋ ಸೋಲಾರ್ ಹಾಕಿಸುವುದನ್ನು ಯಾರೂ ಮುಂದೂಡಬಾರದು.

ಈಗಿನ ಫಲಕಗಳ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, ಅಂದರೆ ಅದರ ‘ಅಂತರ’, 1.1 ಎಲೆಕ್ಟ್ರಾನ್‌ವೋಲ್ಟ್. ನೀಲಿ ಬೆಳಕಿನ ಫೋಟಾನ್ (ಬೆಳಕಿನ ಕಣ) ತರುವುದು ಸುಮಾರು 2.7. ಮಿಕ್ಕಿದ್ದು ಒಂದು ಪಿಕೊಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು, ಕಳೆಯುವಷ್ಟರಲ್ಲಿ ಶಾಖವಾಗಿ ಹೋಗುತ್ತದೆ. ಈಗಿನ ಬಗೆಯ ಕೋಶ ಶೇ 33ರ ಆಸುಪಾಸು ದಾಟದಿರಲು ಇದು ದೊಡ್ಡ ಕಾರಣ. ತಣಿಯುವ ಮೊದಲೇ ಎಲೆಕ್ಟ್ರಾನನ್ನು ಹೊರಗೆಳೆದರೆ ಮಿತಿ ಶೇ 66 ಎಂದು 1982ರಲ್ಲಿ ರಾಸ್ ಮತ್ತು ನೋಜಿಕ್ ಲೆಕ್ಕ ಹಾಕಿದ್ದರು.

ಸೀಸದ ಪೆರೊವ್‌ಸ್ಕೈಟ್‌ಗಳೆಂಬ ಹೊಸ ಬಗೆಯ ಹರಳುಗಳಲ್ಲಿ ಈ ತಣಿಯುವಿಕೆ ಹತ್ತಾರು ಪಿಕೊಸೆಕೆಂಡ್ ತಡವಾಗುವುದು ನಿಜ. ಆದರೆ ಅದು ಘನ ಸೆಂಟಿಮೀಟರಿಗೆ 10¹⁸ರಷ್ಟು ವಾಹಕಗಳು (ವಿದ್ಯುತ್ ಸಾಗಿಸುವ ಎಲೆಕ್ಟ್ರಾನ್ ಮೊದಲಾದವು) ಕಿಕ್ಕಿರಿದಾಗ. ಅವು ಹರಳಿನಲ್ಲಿ ಎಬ್ಬಿಸಿದ ಕಂಪನಗಳು ಬೇಗ ಕರಗದೆ, ತಿರುಗಿ ಎಲೆಕ್ಟ್ರಾನ್‌ಗಳನ್ನೇ ಕಾಯಿಸುತ್ತವೆ. ಹಾಗೆ ಕಿಕ್ಕಿರಿಸುವುದು ಲೇಸರ್ ಮಿಡಿತ. ಮಡಿಕೇರಿಯ ಮಾರ್ಚ್ ಬಿಸಿಲಿನಲ್ಲಿ ಅದರ ನೂರರಲ್ಲೊಂದು ಪಾಲೂ ಹುಟ್ಟದು.

ಇದೇ ವಸ್ತುವಿನ ನ್ಯಾನೊ ಗಾತ್ರದ ಹರಳುಗಳಾದ ಕ್ವಾಂಟಮ್ ಡಾಟ್‌ಗಳಲ್ಲಿ ಇನ್ನೊಂದು ತೊಡಕಿದೆ. 10 ನ್ಯಾನೊಮೀಟರ್ ಬದಿಯ ಡಾಟ್‌ನಲ್ಲಿ ಈ ಸಾಂದ್ರತೆ ಎಂದರೆ ಡಾಟ್‌ಗೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಒಂದೇ ಜೋಡಿ. ಎರಡನೆಯದು ಹುಟ್ಟಿದರೆ ಒಂದು ಜೋಡಿ ಅಳಿದು ತನ್ನ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ (ಔಜೆ ಕ್ರಿಯೆ). ಹೀಗೆ ಮರಳಿ ಕಾದದ್ದೂ ಅಳತೆಯಲ್ಲಿ ‘ನಿಧಾನವಾಗಿ ತಣಿಯಿತು’ ಎಂದೇ ಕಾಣುತ್ತದೆ. ಲೇಸರ್ ಶಕ್ತಿಯನ್ನು ಹಂತಹಂತವಾಗಿ ಇಳಿಸುತ್ತ ಅಳೆಯದ ಫಲಿತಾಂಶವನ್ನು ನಂಬುವುದು ಕಷ್ಟ. ಇದಲ್ಲದೆ, ಶೇ 66ರ ಲೆಕ್ಕ ಕೂಡಿಬರುವುದು 1 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಅಂತರದ ವಸ್ತುವಿನಲ್ಲಿ. ಹೆಚ್ಚಾಗಿ ಪರೀಕ್ಷೆಗೊಳಗಾಗುವ ಸೀಸಿಯಮ್ ಸೀಸ ಬ್ರೋಮೈಡ್‌ನದು ಸುಮಾರು 2.4, ಕೆಂಪು ಬೆಳಕು ಅದಕ್ಕೆ ದಕ್ಕುವುದೇ ಇಲ್ಲ.

ಡಾಟ್‌ಗಳನ್ನು ಹೊದ್ದಿರುವ ಓಲಿಯಿಕ್ ಆಮ್ಲ, ಓಲೈಲಮೈನ್‌ಗಳ ಉದ್ದ ಸರಪಳಿ ವಿದ್ಯುತ್ತನ್ನು ತಡೆಯುತ್ತದೆ. ಬಿಸಿ ಎಲೆಕ್ಟ್ರಾನ್ ದಾಟುವ ಹೊತ್ತಿಗೆ ತಣಿದಿರುತ್ತದೆ. ಮೀಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ತೊಳೆದರೆ ದಾರಿ ತೆರೆಯುತ್ತದೆ, ಆದರೆ ಅತಿಯಾಗಿ ತೊಳೆದರೆ ಮೇಲ್ಮೈ ಹುಳುಕಾಗುತ್ತದೆ. ಅಯೊಡೈಡ್ ಬಗೆಯ ಡಾಟ್‌ಗಳು ತೇವ ತಗುಲಿದರೆ ಕಪ್ಪು ರೂಪ ಬಿಟ್ಟು ನಿರುಪಯುಕ್ತ ಹಳದಿಯಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ಫಲಕದ ಮುದ್ರೆ (ಸೀಲ್) ಬಿರುಕುಬಿಟ್ಟು ನೀರಿಗೆ ಸೀಸ ಸೇರಿದರೆ ಅದು ಹೆಚ್ಚಾಗಿ ಹರಿಯುವುದು ಕಾವೇರಿಗೆ.

ಇಂಥ ಸುದ್ದಿ ಪ್ರಕಟಿಸುವಾಗ ಅಳತೆಯಾದದ್ದು ದ್ರಾವಣದಲ್ಲೋ ಕೆಲಸ ಮಾಡುವ ಕೋಶದಲ್ಲೋ, ಎಷ್ಟು ಸಾಂದ್ರತೆಯಲ್ಲಿ, 85 ಡಿಗ್ರಿ ಶಾಖ ಹಾಗೂ ಶೇ 85 ತೇವದಲ್ಲಿ 1000 ಗಂಟೆಯ ಪರೀಕ್ಷೆ ನಡೆದಿದೆಯೋ ಎಂಬುದನ್ನು ದಯವಿಟ್ಟು ಸೇರಿಸಿ.

– ಭೌತಶಾಸ್ತ್ರ ಉಪನ್ಯಾಸಕರು, ಮಡಿಕೇರಿ