ಕೋಟೆ ಬಾಗಿಲ ದಳಪತಿಗೆ ಎರಡು ಪದ ಸಾಲದು

ಪ್ರಿಯ ತಮ್ಮ,

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟಕ್ಕೆಂದು ನೀನು ಬರೆದು ಕಳಿಸಿದ ಸಾಹಸ ಕಥೆಯನ್ನು ಪೂರ್ತಿ ಓದಿದೆ. ನಕ್ಷೆ ಚೆನ್ನಾಗಿದೆ, ಎದುರಾಳಿಗಳ ಬಲಾಬಲದ ಲೆಕ್ಕವೂ ಸರಿಯಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕೋಟೆ ಬಾಗಿಲು ಕಾಯುವ ದಳಪತಿಯ ಬಗ್ಗೆ. ಅವನ ಹೆಸರಿನ ಪಕ್ಕ ‘ಲಾಫುಲ್ ಈವಿಲ್’ (ಕಟ್ಟಳೆ ಮೀರದ ಕೆಟ್ಟವ) ಎಂದು ಬರೆದು ನೀನು ಮುಂದಿನ ಕೋಣೆಗೆ ಹೋಗಿಬಿಟ್ಟಿದ್ದೀಯ. ಆಟಗಾರರು ಕತ್ತಿ ಹಿರಿಯದೆ ಅವನ ಜೊತೆ ಮಾತಿಗಿಳಿದರೆ ಆಟ ನಡೆಸುವ ಗೇಮ್ ಮಾಸ್ಟರ್ ಏನು ಹೇಳಬೇಕು? ಆ ಎರಡು ಪದಗಳಿಂದ ಹೆಚ್ಚೆಂದರೆ ಒಂದು ಕೊಂಕು ನಗೆ ಹುಟ್ಟೀತು, ಮಾತು ಹುಟ್ಟುವುದಿಲ್ಲ.

ಹೀಗೆ ಬರೆದು ನೋಡು. ಹೊರಗೆ ನಿರಾಶ್ರಿತರು ನಿಂತಿದ್ದಾರೆ. ಬಾಗಿಲು ತೆಗೆಯಬಾರದೆಂದು ಅಪ್ಪಣೆಯಾಗಿದೆ. ಒಳಗಿರುವ ಕಾಳು ಇದ್ದವರಿಗೇ 12 ದಿನಕ್ಕೆ ಮುಗಿಯುತ್ತದೆ. ದಳಪತಿ ಲಂಚ ಮುಟ್ಟುವವನಲ್ಲ. ಆದರೆ ಮೇಲಿನವರ ಮೊಹರಿರುವ ಕಾಗದ ತೋರಿಸಿದರೆ, ಅದು ಖೋಟಾ ಎಂಬ ಅನುಮಾನವಿದ್ದರೂ ಬಾಗಿಲು ತೆಗೆಯುತ್ತಾನೆ. ನಾಳೆ ತಪ್ಪು ತನ್ನ ತಲೆಗೆ ಬರಬಾರದು, ಅವನಿಗೆ ಬೇಕಾದ್ದು ಅಷ್ಟೇ. ಇವನು ಕೆಟ್ಟವನೋ, ಹೆದರುಪುಕ್ಕಲನೋ, ಪಾಪದವನೋ ಎಂಬುದನ್ನು ಆಟಗಾರರೇ ಜಗಳವಾಡಿ ತೀರ್ಮಾನಿಸಿಕೊಳ್ಳಲಿ. ಪಾತ್ರಕ್ಕೆ ಏನು ಬೇಕು, ಯಾವುದಕ್ಕೆ ಅಂಜುತ್ತದೆ, ಏನು ಕೊಟ್ಟರೂ ಯಾವುದನ್ನು ಮಾಡುವುದಿಲ್ಲ, ಇಷ್ಟು ಗೊತ್ತಿದ್ದರೆ ಗೇಮ್ ಮಾಸ್ಟರ್ ಯಾವ ಪ್ರಶ್ನೆಗೂ ತಡವರಿಸುವುದಿಲ್ಲ. ಆಮೇಲೆ ಅಲೈನ್‌ಮೆಂಟ್, ಅಂದರೆ ಪಾತ್ರದ ನೀತಿಯನ್ನು ಹೇಳುವ ಆ ಎರಡು ಪದದ ಹಣೆಪಟ್ಟಿ, ಬರೆದರೂ ಸರಿ, ಬಿಟ್ಟರೂ ಸರಿ.

ಈ ಗೊಂದಲ ನಿನ್ನೊಬ್ಬನದಲ್ಲ, ಹಳೆಯದು. 1974ರಲ್ಲಿ ಬಂದ ಇಂಥದೇ ಆಟ, ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇದ್ದದ್ದು ಲಾ (ಕಟ್ಟಳೆ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅರಾಜಕತೆ) ಎಂಬ ಮೂರೇ. ಯಾವ ಜೀವಿ ಯಾವ ಕಡೆ ಎಂದು ಮೂರು ಪಟ್ಟಿ ಮಾಡಿಟ್ಟಿದ್ದರು; ಅದು ಗುಣಕ್ಕಿಂತ ಹೆಚ್ಚಾಗಿ ಪಕ್ಷದ ಗುರುತು. 1976ರಲ್ಲಿ ಆ ಆಟ ಕಟ್ಟಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅದಕ್ಕೆ ಒಳಿತು–ಕೆಡುಕಿನ ಇನ್ನೊಂದು ಗೆರೆ ಸೇರಿಸಿದರು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊತ್ತಿಗೆ ಎರಡೂ ಗೆರೆ ಸೇರಿ, ಇಂದು ಆಡುವವರಿಗೆಲ್ಲ ಗೊತ್ತಿರುವ ಒಂಬತ್ತು ಮನೆಗಳಾದವು. ಅದರಲ್ಲಿ ದಂಡನೆಯೂ ಇತ್ತು: ಪ್ಯಾಲಡಿನ್ (ಧರ್ಮಯೋಧ) ತಿಳಿದೂ ತಿಳಿದೂ ಕೆಟ್ಟ ಕೆಲಸ ಮಾಡಿದರೆ ಅವನ ಶಕ್ತಿಯೆಲ್ಲ ಹೋಗಿ ಬರೀ ಫೈಟರ್ (ಸಾಮಾನ್ಯ ಯೋಧ) ಆಗಿ ಉಳಿಯಬೇಕು. ಅಲ್ಲಿಗೆ ಗೇಮ್ ಮಾಸ್ಟರ್ ನ್ಯಾಯಾಧೀಶನಾಗಿ ಕೂತ. ಪ್ಯಾಲಡಿನ್ ಆಡುವವನನ್ನು ಹೇಗಾದರೂ ಬೀಳಿಸಬೇಕು ಎಂಬ ಚಪಲ ಎಷ್ಟೋ ಮೇಜುಗಳಲ್ಲಿ ಇವತ್ತಿಗೂ ಹೋಗಿಲ್ಲ.

ನಿನ್ನ ಮೂರನೇ ದೃಶ್ಯದಲ್ಲೂ ಅದೇ ವಾಸನೆ ಇದೆ. ಸೆರೆಸಿಕ್ಕ ಗಾಬ್ಲಿನ್ ಎಂಬ ಶತ್ರು ಜೀವಿಯನ್ನು ಬಿಟ್ಟರೆ ಅದು ಓಡಿಹೋಗಿ ಸುದ್ದಿ ಮುಟ್ಟಿಸುತ್ತದೆ, ಹಳ್ಳಿ ಸುಟ್ಟುಹೋಗುತ್ತದೆ. ಶರಣಾದವನನ್ನು ಕೊಂದರೆ ಪ್ಯಾಲಡಿನ್ ಕೆಟ್ಟ. ಅತ್ತ ದರಿ, ಇತ್ತ ಪುಲಿ. ಬಿಗಿಯಾದ ನೈತಿಕ ಸಂಕಟ ಎಂದು ನಿನಗೆ ಅನಿಸಿರಬಹುದು; ಆಡುವವನಿಗೆ ಅದು ಬರೀ ಬೋನು. ಅವನ ಆಯ್ಕೆಗೆ ಅಲ್ಲಿ ಬೆಲೆಯೇ ಇಲ್ಲ, ಫಲಿತಾಂಶವನ್ನು ನೀನು ಮೊದಲೇ ಬರೆದಿಟ್ಟಿದ್ದೀಯ. ಮೂರನೇ ದಾರಿ ಇರಲಿ, ಆದರೆ ಅದು ದುಬಾರಿಯಾಗಿರಲಿ. ಸೆರೆಯಾಳನ್ನು ಕಟ್ಟಿಕೊಂಡು ನಡೆದರೆ ಅರ್ಧ ದಿನ ತಡವಾಗುತ್ತದೆ, ರಾತ್ರಿ ಒಬ್ಬರು ನಿದ್ದೆಗೆಟ್ಟು ಕಾವಲಿರಬೇಕು, ಅದಕ್ಕೂ ಊಟ ಹಂಚಬೇಕು. ‘ಕೊಂದರೆ ಅಲೈನ್‌ಮೆಂಟ್ ಬದಲಾಗುತ್ತದೆ’ ಎಂಬ ಸಾಲನ್ನು ಅಳಿಸು. ಕೊಂದದ್ದನ್ನು ಯಾರು ನೋಡಿದರು, ಅದನ್ನು ಹುಡುಕಿಕೊಂಡು ಯಾರು ಬರುತ್ತಾರೆ, ಮುಂದಿನ ಸಲ ಶತ್ರುಗಳು ಶರಣಾಗುತ್ತಾರೋ ಇಲ್ಲವೋ, ಅದನ್ನು ಬರೆ.

ಆಟಗಳನ್ನು ಕಟ್ಟುವವರೂ ಈ ಒಂಬತ್ತು ಮನೆಗಳ ಜೊತೆ ಹೆಣಗುತ್ತಲೇ ಬಂದಿದ್ದಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2008ರಲ್ಲಿ ಅವನ್ನು ಐದಕ್ಕೆ ಇಳಿಸಿ, 2014ರಲ್ಲಿ ಮತ್ತೆ ಒಂಬತ್ತಕ್ಕೆ ಏರಿಸಿತು. ಆದರೆ ಅಷ್ಟರಲ್ಲಿ ಪ್ಯಾಲಡಿನ್ ಬದುಕುವುದು ಅಲೈನ್‌ಮೆಂಟಿಗಲ್ಲ, ತಾನು ತೊಟ್ಟ ಪಣಕ್ಕೆ ಎಂದಾಗಿತ್ತು. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್ 2023ರ ಪರಿಷ್ಕರಣೆಯಲ್ಲಿ ಅಲೈನ್‌ಮೆಂಟನ್ನೇ ಕಿತ್ತುಹಾಕಿತು. ನನಗೆ ತುಂಬ ಹಿಡಿಸಿದ್ದು 1985ರ ಪೆಂಡ್ರಾಗನ್ ಎಂಬ ಆಟ. ಅದರಲ್ಲಿ ಗುಣಗಳು ಜೋಡಿಜೋಡಿಯಾಗಿ ಬರುತ್ತವೆ, 13 ಜೋಡಿ, ಪ್ರತಿ ಜೋಡಿಯ ಮೊತ್ತ 20. ಕರುಣೆ 13 ಇದ್ದರೆ ಕ್ರೌರ್ಯ 7. ಆಡುವವನ ಪಾತ್ರವಾದ ನೈಟ್ (ಸರದಾರ ಯೋಧ) ಆಟದಲ್ಲಿ ಏನು ಮಾಡಿದ ಎಂಬುದರ ಮೇಲೆ ಅಂಕಿ ಆಮೇಲೆ ಸರಿಯುತ್ತದೆ. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ ಎಂಬುದನ್ನು ಯಾವ ಉಪದೇಶವೂ ಇಲ್ಲದೆ ಈ ಅಂಕಿಗಳಿರುವ ಪಾತ್ರದ ಹಾಳೆಯೇ ತೋರಿಸಿಬಿಡುತ್ತದೆ. ಆ ಆಟವನ್ನು ಆಡದಿದ್ದರೂ ಪರವಾಗಿಲ್ಲ, ಬರೆಯುವ ಮುಂಚೆ ಆ ಹಾಳೆಯನ್ನು, ಅಂದರೆ ಅದರ ಕ್ಯಾರೆಕ್ಟರ್ ಶೀಟನ್ನೊಮ್ಮೆ ನೋಡು.

ಇನ್ನು ನಿನ್ನ ಸಿದ್ಧ ಪಾತ್ರಗಳಲ್ಲಿರುವ ಕಳ್ಳಿ. ‘ಕೇಯಾಟಿಕ್ ನ್ಯೂಟ್ರಲ್, ಯಾರನ್ನೂ ನಂಬುವುದಿಲ್ಲ’ ಎಂದಿದ್ದೀಯ; ಅಂದರೆ ಕಟ್ಟಳೆಗೆ ಬಗ್ಗದವಳು, ಒಳಿತು–ಕೆಡುಕು ಯಾವ ಕಡೆಗೂ ಸೇರದವಳು. ಯಾರೋ ಒಬ್ಬರು ಅದನ್ನೇ ಹಿಡಿದುಕೊಂಡು ಜೊತೆಯವರ ಜೇಬಿಗೆ ಕೈಹಾಕಿ, ‘ನನ್ನ ಪಾತ್ರ ಇರೋದೇ ಹಾಗೆ, ನಾನೇನು ಮಾಡಲಿ’ ಅನ್ನುತ್ತಾರೆ, ಬರೆದಿಟ್ಟುಕೋ. ಆಮೇಲೆ ಆ ಸಂಜೆಯ ಆಟ ಅಲ್ಲಿಗೇ ಮುಗಿಯಿತು. ಅವಳು ಎಷ್ಟು ಕೆಟ್ಟವಳಾದರೂ ಇರಲಿ, ಜೊತೆಯ ಈ ನಾಲ್ವರನ್ನು ಮಾತ್ರ ಯಾಕೆ ಬಿಟ್ಟುಹೋಗುವುದಿಲ್ಲ ಎಂಬುದಕ್ಕೆ ಒಂದು ಕಾರಣ ಕೊಡು. ಹಳೆಯ ಸಾಲವಾದರೂ ಆದೀತು. ದುಷ್ಟ ಪಾತ್ರ ಆಡುವುದರಲ್ಲಿ ತಪ್ಪೇನಿಲ್ಲ, ನನಗೂ ಅದು ಇಷ್ಟವೇ. ಒಂಟಿ ದುಷ್ಟ ಮಾತ್ರ ಮೇಜಿಗೆ ತಲೆನೋವು.

ಚಿತ್ರಹಿಂಸೆಯಂಥ ಸಂಗತಿಗಳಿರುವ ಕಡೆ ಮೊದಲ ಪುಟದಲ್ಲೇ ಒಂದು ಸೂಚನೆ ಹಾಕು. ಯಾವುದು ಬೇಡವೇ ಬೇಡ, ಯಾವುದನ್ನು ತೆರೆಮರೆಯಲ್ಲಿ ಮುಗಿಸಬೇಕು ಎಂದು ಆಡುವವರು ಮೊದಲೇ ಮಾತಾಡಿಕೊಳ್ಳುತ್ತಾರೆ.

ಮೂರನೇ ದೃಶ್ಯವನ್ನು ತಿದ್ದಿ ಅದೊಂದನ್ನೇ ಕಳಿಸು, ಪೂರ್ತಿ ಕಥೆ ಬೇಡ. ದಳಪತಿಗೆ ಐದು ಸಾಲು ಸಾಕು. ಅದಕ್ಕಿಂತ ಹೆಚ್ಚಾದರೆ ಆಟದ ನಡುವೆ ಯಾರೂ ಓದುವುದಿಲ್ಲ.

ಇಂತಿ ನಿನ್ನ ಅಣ್ಣ