ಒಂಬತ್ತನೇ ತರಗತಿಯ ಪೋಷಕರಿಗೆ: ಈ ಸಲ ನಡೆಯುವ ಪ್ರವಾಸ

ಪ್ರೀತಿಯ ಪೋಷಕರೇ,

ನಮಸ್ಕಾರ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ದೀರಿ, ಗೊತ್ತು. ಆದರೂ ಈ ಪತ್ರವನ್ನು ಪೂರ್ತಿ ಓದಿಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.

ಡಿಸೆಂಬರ್ 12 ಮತ್ತು 13ರಂದು ಮಕ್ಕಳನ್ನು ಯಾಣ, ವಿಭೂತಿ ಜಲಪಾತ, ಮಿರ್ಜಾನ್ ಕೋಟೆ ಮತ್ತು ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಕರೆದುಕೊಂಡು ಹೋಗುತ್ತೇವೆ. ನಾಲ್ಕೇ ಜಾಗ. ಎರಡು ದಿನಕ್ಕೆ ಇಷ್ಟೇನಾ ಅಂತ ಕೆಲವರು ಈಗಾಗಲೇ ಕೇಳಿದ್ದಾರೆ.

ಹೋದ ವರ್ಷ ಒಂದೇ ದಿನದಲ್ಲಿ ಏಳು ಜಾಗ ತೋರಿಸಿದೆವು. ಗೈಡ್ ಸೀಟಿ ಊದುವುದು, "ಹತ್ತು ನಿಮಿಷ, ಫೋಟೋ ತೆಗೀರಿ, ಬಸ್ ಹತ್ತಿ" ಅನ್ನುವುದು, ಇದೇ ಆಯಿತು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಹುಡುಗನಿಗೆ ತಲೆಸುತ್ತು ಬಂತು. ಬೆಳಿಗ್ಗೆಯಿಂದ ಅವನು ನೀರೇ ಕುಡಿದಿರಲಿಲ್ಲ. ನಾವು ಗಮನಿಸಿರಲಿಲ್ಲ. ಆ ಪಟ್ಟಿ ಮಾಡಿದವಳು ನಾನೇ, ತಪ್ಪೂ ನನ್ನದೇ. ವಾಪಸ್ ಬಂದ ಮೇಲೆ ಪ್ರಬಂಧ ಬರೆಸಿದರೆ ಅರ್ಧಕ್ಕರ್ಧ ಮಕ್ಕಳು ಹೋಟೆಲಿನ ಐಸ್‌ಕ್ರೀಮ್ ಬಗ್ಗೆ ಬರೆದಿದ್ದರು!

ಹಾಗಾಗಿ ಈ ಸಲ ಜಾಗ ಕಡಿಮೆ, ನಡಿಗೆ ಜಾಸ್ತಿ. "ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ" ಅನ್ನುವ ಮಾತು ನಿಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಈಗ ಬಂಡೆಯ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಸೊಕ್ಕು ಬೇಕಾಗಿಲ್ಲ. ಆದರೆ ನಾವು ಅಲ್ಲಿಗೆ ನಿಲ್ಲಿಸುವುದಿಲ್ಲ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ನೋಡಿಕೊಂಡು, ಬಂಡೆಯ ಸೀಳಿನೊಳಗೆ ಸುತ್ತಿ ಬಂದು, ಕಾಡುದಾರಿಯಲ್ಲಿ ವಿಭೂತಿ ಜಲಪಾತದ ಕಡೆಗೆ ಇಳಿಯುತ್ತೇವೆ. ಬಸ್ಸು ಸುತ್ತು ಹಾಕಿ ಬಂದು ಆ ಕಡೆ ಕಾಯುತ್ತದೆ. ದೀಪಾವಳಿ ರಜೆಯಲ್ಲಿ ಪಿ.ಟಿ. ಮಾಸ್ತರರ ಜೊತೆ ನಾನೇ ಈ ದಾರಿ ನಡೆದು ನೋಡಿದ್ದೇನೆ. ಮಕ್ಕಳ ಗುಂಪಿಗೆ ನಾಲ್ಕು ತಾಸು ಬೇಕು. ಇಳಿಜಾರು, ಬೇರು, ಜಾರುವ ತರಗೆಲೆ. ಮರುದಿನ ನನ್ನ ಮಂಡಿ ಮಾತಾಡುತ್ತಿತ್ತು. ಮಕ್ಕಳಿಗೆ ಅಷ್ಟಾಗದು, ಆದರೆ ಸುಸ್ತಂತೂ ಆಗುತ್ತದೆ. ಆಗಲಿ ಬಿಡಿ.

ಎರಡನೇ ದಿನದ ವಿಷಯಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ಪ್ರತಿ ಮಗುವಿನ ಕೈಯಲ್ಲಿ ಒಂದು ಹಿಡಿ ಕಾಳುಮೆಣಸು ಕಟ್ಟಿ ಕಳಿಸಿ. ಅಡಿಗೆಗಲ್ಲ. ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಅಘನಾಶಿನಿ ಘಟ್ಟ ಇಳಿದು ಸಮುದ್ರ ಸೇರುವ ಮುಂಚೆ ಮಿರ್ಜಾನಿನ ಪಕ್ಕದಲ್ಲೇ ಹರಿಯುತ್ತದೆ. ಘಟ್ಟದ ಮೆಣಸು ಹಡಗು ಹತ್ತುತ್ತಿದ್ದ ಬಂದರುಗಳಲ್ಲಿ ಮಿರ್ಜಾನೂ ಒಂದು. ಈ ಭಾಗವನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 54 ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದೇ ಮೆಣಸಿನ ರಾಣಿ ಅಂತ. ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿರುವ ಮೆಣಸಿನ ಬಳ್ಳಿಗೂ ಆ ಕೋಟೆಯ ಚಿರೆಕಲ್ಲಿನ ಗೋಡೆಗೂ ಇರುವ ನಂಟು ಪಾಠದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ. ಕೋಟೆಯ ಮೇಲೆ ನಿಂತು ಮೆಣಸನ್ನು ಕೈಯಲ್ಲಿ ಹಿಡಿದುಕೊಂಡು ಕೇಳಲಿ ಅನ್ನುವುದು ನನ್ನ ಆಸೆ. 2000-01ರಲ್ಲಿ ಅಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು, 1652ರ ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕಿವೆ. ಎಲ್ಲಿಯ ಚೀನಾ, ಎಲ್ಲಿಯ ಕುಮಟಾ, ಅಲ್ವಾ?

ಅಲ್ಲಿಂದ ಗೇರುಸೊಪ್ಪೆ. ಕಾಡಿನ ನಡುವೆ ಕಲ್ಲಿನ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ಕಡೆ ಮುಖ ಮಾಡಿ ಕೂತ ತೀರ್ಥಂಕರರು. ಒಂದು ಕಾಲದಲ್ಲಿ ಸುತ್ತ ದೊಡ್ಡ ಪಟ್ಟಣವೇ ಇತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಹೊಳೆಯಲ್ಲಿ ಬರುವಷ್ಟರಲ್ಲಿ ಅದು ಹಾಳು ಬಿದ್ದಾಗಿತ್ತು. ರಾಣಿ ಸೋತು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಇಲ್ಲಿ ಮಕ್ಕಳು ಒಂದು ತಾಸು ಸುಮ್ನೆ ಕೂತು ಚಿತ್ರ ಬರೆಯುತ್ತಾರೆ. ಗೈಡ್ ಮಾತು ಇರುವುದಿಲ್ಲ, ನನ್ನದೂ ಇಲ್ಲ.

ಜೋಗ ಯಾಕಿಲ್ಲ ಅಂದರೆ, ನಮ್ಮ ಮಕ್ಕಳೆಲ್ಲ ಅದನ್ನು ನೋಡಿದವರೇ. ಡಿಸೆಂಬರಿನಲ್ಲಿ ನೀರೂ ಕಮ್ಮಿ. ವಾಪಸ್ ಮಾವಿನಗುಂಡಿ, ಸಿದ್ದಾಪುರದ ಮೇಲೆ ಬರುತ್ತೇವೆ. ಘಟ್ಟದ ತಿರುವಿನಲ್ಲಿ ವಾಂತಿ ಆಗುವ ಮಕ್ಕಳಿದ್ದರೆ ಮೊದಲೇ ಹೇಳಿ, ಮುಂದಿನ ಸೀಟು ಕೊಡುತ್ತೇವೆ.

ನೀರಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ವಿಭೂತಿಯಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಬೀಚಿಗೆ ಹೋಗುವುದೇ ಇಲ್ಲ. ಈಜು ಬರುತ್ತದೆ ಅನ್ನುವ ಮಗುವಿಗೂ ಇದೇ ಮಾತು. "ಟೀಚರ್ ಹತ್ರ ಕೇಳು, ಬಿಡಬಹುದು" ಅಂತ ದಯವಿಟ್ಟು ಹೇಳಿ ಕಳಿಸಬೇಡಿ.

ಆರೋಗ್ಯದ ಬಗ್ಗೆ ಮುಚ್ಚಿಡಬೇಡಿ. ದಮ್ಮು, ಫಿಟ್ಸ್, ಹೃದಯದ ತೊಂದರೆ, ಜೇನು ಕಡಿದರೆ ಮೈ ಊದುವುದು, ಏನಿದ್ದರೂ ಒಪ್ಪಿಗೆ ಪತ್ರದ ಹಿಂದೆ ಬರೆಯಿರಿ. ಹೇಳಿದರೆ ಬಿಟ್ಟು ಹೋಗುತ್ತಾರೆ ಅನ್ನುವ ಭಯ ಬೇಡ. ನಡೆಯಲಾಗದ ಮಕ್ಕಳು ಬಂಡೆ ನೋಡಿಕೊಂಡು ಒಬ್ಬ ಶಿಕ್ಷಕರ ಜೊತೆ ಬಸ್ಸಿನಲ್ಲೇ ಬರಬಹುದು.

ತಾಯಂದಿರಿಗೆ ಒಂದು ಮಾತು. ಯಾಣದಲ್ಲಿ ದೇವಸ್ಥಾನ ಇದೆ ಅಂತ ಹೆಣ್ಣುಮಕ್ಕಳಿಗೆ ಮುಟ್ಟು ಮುಂದೂಡುವ ಮಾತ್ರೆ ಕೊಡಬೇಡಿ. ಗುಡಿಯೊಳಗೆ ಹೋಗದಿದ್ದರೆ ಹೋಗದಿದ್ದರಾಯಿತು, ಬಂಡೆ ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಪ್ಯಾಡ್ ನಮ್ಮ ಹತ್ತಿರ ಇರುತ್ತದೆ. ಇಬ್ಬರು ಶಿಕ್ಷಕಿಯರು ಜೊತೆಗಿರುತ್ತೇವೆ.

ಹೊಸ ಶೂ ಬೇಡವೇ ಬೇಡ, ಕಾಲಲ್ಲಿ ಬೊಕ್ಕೆ ಏಳುತ್ತದೆ. ಹಳೆಯದು, ಹಿಡಿತ ಇರುವುದು ಸಾಕು. ಉದ್ದ ಪ್ಯಾಂಟು, ಎರಡು ಲೀಟರ್ ನೀರು, ಒಂದು ಹೊದಿಕೆ, ಮೊದಲ ದಿನದ ಮಧ್ಯಾಹ್ನಕ್ಕೆ ಚಪಾತಿ ಅಥವಾ ಅವಲಕ್ಕಿ. ಉಂಬಳ (ಕಾಡಿನ ಜಿಗಣೆ) ಈ ಹೊತ್ತಿಗೆ ಕಡಿಮೆಯಾಗಿರುತ್ತವೆ, ಆದರೂ ಒಂದು ಚಿಟಿಕೆ ಉಪ್ಪಿರಲಿ. ಮೊಬೈಲ್ ಬೇಡ. ನಮ್ಮ ಫೋನಿನಿಂದ ರಾತ್ರಿ ಎಂಟಕ್ಕೆ ತರಗತಿಯ ಗುಂಪಿಗೆ ಸುದ್ದಿ ಹಾಕುತ್ತೇವೆ. ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹಗಲಲ್ಲಿ ಫೋನ್ ಹತ್ತಲಿಲ್ಲ ಅಂತ ಗಾಬರಿ ಆಗಬೇಡಿ.

ರಾತ್ರಿ ಕುಮಟಾದ ಒಂದು ಶಾಲೆಯಲ್ಲಿ ಉಳಿಯುತ್ತೇವೆ. ಬಸ್ಸು ಸಾರಿಗೆ ಸಂಸ್ಥೆಯದು. ತಲಾ 850 ರೂಪಾಯಿ. ಕಷ್ಟ ಇದ್ದರೆ ನನ್ನ ಹತ್ತಿರ ಬಂದು ಒಂದು ಮಾತು ಹೇಳಿ. ಅದು ನಮ್ಮಿಬ್ಬರ ನಡುವೆಯೇ ಇರುತ್ತದೆ, ಮಗುವಿಗೂ ಗೊತ್ತಾಗುವುದಿಲ್ಲ.

ಒಪ್ಪಿಗೆ ಪತ್ರ ಡಿಸೆಂಬರ್ 3ರೊಳಗೆ ಬರಲಿ. ಬಸ್ಸು ಶಾಲೆಯ ಗೇಟಿನಿಂದ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ಆರೂಕಾಲಿಗಲ್ಲ, ಆರಕ್ಕೆ.

ನಿಮ್ಮ,
ಮುಖ್ಯ ಶಿಕ್ಷಕಿ