ಗ್ರಾಫ್ ಕಲಿಸುವುದೆಂದರೆ ಬಣ್ಣ ತುಂಬುವುದಲ್ಲ

ಮಾನ್ಯ ಸಂಪಾದಕರೇ,

ಶಿಕ್ಷಕರಿಗಾಗಿ ನಡೆದ ಡೇಟಾ ವಿಷುವಲೈಸೇಷನ್ (ಅಂಕಿಗಳನ್ನು ಚಿತ್ರವಾಗಿ ತೋರಿಸುವ) ತರಬೇತಿ ಯಶಸ್ವಿಯಾಯಿತು ಎಂದು ನಿಮ್ಮ ಪತ್ರಿಕೆಯಲ್ಲಿ ನಿನ್ನೆ ವರದಿ ಬಂದಿದೆ. ಆ ಎರಡು ದಿನವೂ ಅಲ್ಲಿ ಕೂತಿದ್ದವಳು ನಾನು. ಆ ಮಾತನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಹತ್ತನೇ ತರಗತಿಯ ಗಣಿತ ಪಾಠ ಬಿಟ್ಟು, ಬೆಳಿಗ್ಗೆ ಆರರ ಬಸ್ಸಿಗೆ ನಿಂತುಕೊಂಡೇ ಹೋಗಿದ್ದೆ. ದೀಪ, ಹಾರ, ಭಾಷಣ ಮುಗಿಯುವಾಗ ಹನ್ನೆರಡೂವರೆ. ಆಮೇಲೆ ಯಾವ ಬಟನ್ ಒತ್ತಿದರೆ ಯಾವ ಚಾರ್ಟ್ ಬರುತ್ತದೆ ಅನ್ನುವುದೊಂದೇ ಪಾಠ. ಯಾವ ಅಂಕಿಗೆ ಯಾವ ಚಾರ್ಟ್ ಬೇಕು, ಯಾಕೆ ಬೇಕು ಅನ್ನುವ ಮಾತೇ ಬರಲಿಲ್ಲ.

ಕೈಗೆ ಕೊಟ್ಟ ಹಾಳೆ ಕಪ್ಪು ಬಿಳುಪು ಜೆರಾಕ್ಸ್. ಅದರಲ್ಲಿ ಆರು ಹೋಳಿನ ತ್ರೀಡಿ ಪೈ ಚಾರ್ಟ್. ಕೆಂಪು, ಹಸಿರು, ನೀಲಿ ಎಲ್ಲವೂ ಒಂದೇ ಬೂದಿ ಬಣ್ಣ. ಮುಂದೆ ವಾಲಿದ ಶೇ 18ರ ಹೋಳು ಹಿಂದಿನ ಶೇ 22ಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಕೋನಕ್ಕಿಂತ ಉದ್ದವನ್ನು ನಮ್ಮ ಕಣ್ಣು ಸರಿಯಾಗಿ ಅಳೆಯುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಪಾಠ ಶುರುವಾಗಬೇಕಿದ್ದದ್ದು ಅಲ್ಲಿಂದ ಅಲ್ವಾ?

ನನಗೆ ತಡೆಯಲಾರದ ಸಿಟ್ಟು ಬಂದದ್ದು ಎರಡನೇ ದಿನ. ಪರದೆ ಮೇಲೆ ಕೆಆರ್‌ಎಸ್ ಬಾರ್ ಚಾರ್ಟ್. ಗರಿಷ್ಠ ಮಟ್ಟ 124.80 ಅಡಿ, ಈಗ 100 ಅಡಿ ಅಂದುಕೊಳ್ಳಿ, ಹಾಗಾದರೆ ಶೇ 80 ನೀರಿದೆ ಎಂದರು ತರಬೇತಿ ಕೊಡುತ್ತಿದ್ದವರು. ನಾನು ಎದ್ದು ನಿಂತೆ. ಅಣೆಕಟ್ಟೆ ನೆಟ್ಟಗಿನ ಡ್ರಮ್ ಅಲ್ಲ ಸರ್, ತಳ ಕಿರಿದು, ಮೇಲೆ ಅಗಲ. ತುಂಬಿದರೆ 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು), 100 ಅಡಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಡಿ ಬಿಟ್ಟು ಟಿಎಂಸಿ ಹಾಕಿ ಎಂದೆ. ‘ಸುಮ್ನೆ ಉದಾಹರಣೆಗೆ ಹೇಳಿದ್ದು ಮೇಡಂ, ಕೂತ್ಕೊಳ್ಳಿ’ ಎಂದರು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ, ಅದು ಸಮುದ್ರ ಮಟ್ಟದಿಂದ ಅಳೆದದ್ದು. ಬೇಸಿಗೆಯಲ್ಲಿ ನೀರು ತಳಕ್ಕಿಳಿದು 1750 ಅಡಿಗೆ ಬಂದಾಗಲೂ ಇವರ ಲೆಕ್ಕದಲ್ಲಿ ಶೇ 96 ತುಂಬಿದಂತೆ!

ಮಂಡ್ಯದವರಿಗೆ ಇದು ಬರೀ ಉದಾಹರಣೆ ಅಲ್ಲ. 2023ರ ಬರದಲ್ಲಿ ನಮ್ಮಪ್ಪ ದಿನಾ ಬೆಳಿಗ್ಗೆ ಪೇಪರಿನಲ್ಲಿ ಅಡಿ ನೋಡಿ, ಇನ್ನೂ ನೀರಿದೆ ಬಿಡು ಎಂದು ಭತ್ತ ನಂಬಿಕೊಂಡು ಕೂತಿದ್ದರು. ಕೆಲ ದಿನ ನೀರು ಬಿಟ್ಟು ಕೆಲ ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ಎಷ್ಟು ದಿನ ನೀರು ಬರುತ್ತದೆ ಎಂದು ಕೇಳಲು ನಾಲೆ ಕಚೇರಿಗೆ ಹೋದರೆ, ಸಾಹೇಬರು ಮೀಟಿಂಗಲ್ಲಿದ್ದಾರೆ ಅನ್ನುವ ಉತ್ತರ. ಮೂರು ಸಲ ಹೋದರೂ ಅದೇ ಉತ್ತರ. ನಮ್ಮ ಶಾಲೆಗಳ ಕಥೆಯೂ ಅಷ್ಟೇ. ಹಾಜರಾತಿ, ಬಿಸಿಯೂಟ, ಶೌಚಾಲಯ ಎಂದು ಒಂದೇ ಅಂಕಿಯನ್ನು ವರ್ಷಕ್ಕೆ ನಾಲ್ಕು ಸಲ ತುಂಬಿಸಿಕೊಳ್ಳುತ್ತಾರೆ. ತುಂಬಿದ್ದು ಏನಾಯಿತು ಎಂದು ಒಮ್ಮೆಯೂ ವಾಪಸ್ ತೋರಿಸಿಲ್ಲ.

1854ರ ಲಂಡನ್ ಕಾಲರಾದಲ್ಲಿ ಜಾನ್ ಸ್ನೋ ಎಂಬ ವೈದ್ಯರು ನಕ್ಷೆಯ ಮೇಲೆ ಸಾವಿಗೊಂದರಂತೆ ಕಪ್ಪು ಗೆರೆ ಹಾಕಿದರು. ಗೆರೆಗಳೆಲ್ಲ ಬ್ರಾಡ್ ಸ್ಟ್ರೀಟ್‌ನ ಕುಡಿಯುವ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು, ಕಾಯಿಲೆ ಆ ನೀರಿನಿಂದಲೇ ಎಂಬುದು ನಕ್ಷೆ ನೋಡಿದರೇ ತಿಳಿಯುವಂತಿತ್ತು. ಅದೊಂದನ್ನು ತೋರಿಸಿದ್ದರೂ ನನ್ನ ಮಕ್ಕಳಿಗೆ ಹೇಳಲು ಏನಾದರೂ ಸಿಗುತ್ತಿತ್ತು.

ಈ ತರಬೇತಿಯನ್ನು ಗೊತ್ತಿರುವವರಿಂದ ಮತ್ತೊಮ್ಮೆ ಮಾಡಿಸಿ. ಆಗದಿದ್ದರೆ ಪಾಠ ಬಿಡಿಸಿ ನಮ್ಮನ್ನು ಕರೆಯಬೇಡಿ. ನಾಲೆ ಕಚೇರಿಯ ಬೋರ್ಡಿನಲ್ಲೂ ಅಡಿ ಪಕ್ಕ ಟಿಎಂಸಿ ಬರೆಸಿ. ಆ ಬೂದಿ ಬಣ್ಣದ ಹಾಳೆಯನ್ನು ನೂರಾರು ಪ್ರತಿ ಮಾಡಿಸಲು ಸಹಿ ಹಾಕಿದವರು ಒಂದು ಸಲವಾದರೂ ಅದನ್ನು ಕಣ್ಣಿಟ್ಟು ನೋಡಿದ್ದರಾ?

ಇಂತಿ,
ಒಬ್ಬ ಗಣಿತ ಶಿಕ್ಷಕಿ, ಮಂಡ್ಯ ಜಿಲ್ಲೆ